ಬರೆದುಕೊಟ್ಟವರು ಒಬ್ಬರು, ಬಿಚ್ಚುವವರು ಇನ್ನೊಬ್ಬರು

ಹಾಸನದ ಬಿ.ಎಂ. ರಸ್ತೆಯ ಶೋರೂಮುಗಳಲ್ಲಿ ಗಾಡಿ ಕೊಳ್ಳುವುದು ಕಷ್ಟದ ಕೆಲಸವಲ್ಲ. ಸಾಲದ ಕಾಗದ, ವಿಮೆ, ಆರ್‌ಟಿಒ ನೋಂದಣಿ ಎಲ್ಲವನ್ನೂ ಅವರೇ ಓಡಾಡಿ ಮಾಡಿಸುತ್ತಾರೆ. ಸಾಲಗಾಮೆಯಿಂದಲೋ ಅರಕಲಗೂಡಿನಿಂದಲೋ ಬಂದವರು ಹೊಸ ಟ್ರ್ಯಾಕ್ಟರಿಗೆ ಹೂವು ಕಟ್ಟಿಸಿಕೊಂಡು ಊರಿಗೆ ಹೊರಡುತ್ತಾರೆ. ಅದೇ ಟ್ರ್ಯಾಕ್ಟರು ಏಳೆಂಟು ತಿಂಗಳಿಗೆ ಗೇರ್ ಬಾಕ್ಸಿನಲ್ಲಿ ಸದ್ದು ಮಾಡತೊಡಗಿ, ಅದೇ ಕಟ್ಟಡದ ಹಿಂಬದಿಯ ವರ್ಕ್‌ಶಾಪಿಗೆ ಬಂದಾಗ ಮಾತಿನ ವರಸೆ ಬೇರೆಯಾಗುತ್ತದೆ. ‘ಕಂಪನಿಗೆ ಬರೆದಿದ್ದೀವಿ ಅಣ್ಣ, ಅಪ್ರೂವಲ್ ಬರಬೇಕು’, ‘ಪಾರ್ಟ್ಸ್ ಇನ್ನೂ ಬಂದಿಲ್ಲ’, ‘ಇದು ವಾರಂಟಿಗೆ ಬರಲ್ಲ, ಓಡಿಸಿರೋ ರೀತಿಯಿಂದ ಆಗಿರೋದು’. ಹಣ ಕೊಟ್ಟು ಮಾಡಿಸುವ ಸರ್ವಿಸಿಗೆ ಬೇಗ ಸರದಿ ಸಿಗುತ್ತದೆ, ವಾರಂಟಿಯ ಗಾಡಿ ಮೂಲೆಯಲ್ಲಿ ದಿನಗಟ್ಟಲೆ ನಿಲ್ಲುತ್ತದೆ. ಇದನ್ನು ಕಂಡ ಗಿರಾಕಿ ಡೀಲರನೇ ಮೋಸಗಾರನೆಂದು ತೀರ್ಮಾನಿಸಿಬಿಡುತ್ತಾನೆ. ಕೆಲವರ ವಿಷಯದಲ್ಲಿ ಅದು ನಿಜವೂ ಇರಬಹುದು. ಆದರೆ ಬ್ರಾಂಡು, ಊರು, ದೇಶ ಯಾವುದೇ ಇರಲಿ ಇದೇ ದೂರು ಕೇಳಿಬರುವಾಗ ಕಾರಣವನ್ನು ಒಬ್ಬೊಬ್ಬರ ಗುಣದಲ್ಲಿ ಹುಡುಕಿ ಪ್ರಯೋಜನವಿಲ್ಲ. ವಾರಂಟಿಯ ಮಾತು ಕೊಟ್ಟು ಅದರ ಬೆಲೆ ಪಡೆದವರು ಒಬ್ಬರು. ಕೈಯಿಂದ ಹಾಕಿ ಕೆಲಸ ಮಾಡಿ, ಆ ಹಣ ವಾಪಸು ಬರುತ್ತದೋ ಇಲ್ಲವೋ ಎಂದು ಕಾಯುವವರು ಇನ್ನೊಬ್ಬರು. ಏರ್ಪಾಡೇ ಹೀಗಿರುವಾಗ ಹಿಂಜರಿಕೆ ಅದರೊಳಗಿಂದಲೇ ಹುಟ್ಟುತ್ತದೆ.

ಮೊದಲು ಹಣದ ದಾರಿಯನ್ನು ನೋಡಬೇಕು. ವಾರಂಟಿ ರಿಪೇರಿ ಪುಕ್ಕಟೆ ಎಂಬ ಭಾವನೆ ಗಿರಾಕಿಗೂ ಇದೆ, ವರ್ಕ್‌ಶಾಪಿನವರಿಗೂ ಇದೆ. ಅದು ತಪ್ಪು. ಕೇಂದ್ರ ಪರೋಕ್ಷ ತೆರಿಗೆ ಮತ್ತು ಸುಂಕ ಮಂಡಳಿಯು 2023ರ ಜುಲೈ 17ರಂದು ಜಿಎಸ್‌ಟಿ ಕುರಿತ 195ನೇ ಸುತ್ತೋಲೆಯನ್ನು ಹೊರಡಿಸಿತು. ವಾರಂಟಿ ಅವಧಿಯಲ್ಲಿ ಬದಲಿಸುವ ಭಾಗಕ್ಕೆ ಗಿರಾಕಿಯಿಂದ ಹಣ ಪಡೆಯದಿದ್ದರೆ ಮತ್ತೆ ತೆರಿಗೆ ಬೇಕೇ ಎಂಬುದು ಅಲ್ಲಿದ್ದ ಪ್ರಶ್ನೆ. ಬೇಡ ಎಂದ ಮಂಡಳಿ ಕೊಟ್ಟ ಕಾರಣ ಸ್ಪಷ್ಟವಾಗಿದೆ: ವಾರಂಟಿಯೊಂದಿಗೆ ಮಾರಿದ ವಸ್ತುವಿನ ಮೂಲ ಬೆಲೆಯಲ್ಲೇ ಮುಂದೆ ಆಗಬಹುದಾದ ಬದಲಾವಣೆ, ರಿಪೇರಿಗಳ ಅಂದಾಜು ಖರ್ಚು ಸೇರಿರುತ್ತದೆ, ಅದರ ಮೇಲೆ ತೆರಿಗೆ ಆಗಲೇ ಸಂದಾಯವಾಗಿದೆ. ಕಂಪನಿಗಳ ವಾರ್ಷಿಕ ವರದಿಗಳನ್ನು ತೆರೆದರೂ ಇದೇ ಕಾಣುತ್ತದೆ. ವಾರಂಟಿಗೆಂದು ಎತ್ತಿಟ್ಟ ಮೊತ್ತ ಅಲ್ಲಿ ಪ್ರತ್ಯೇಕ ಬಾಬ್ತಾಗಿ ನಮೂದಾಗಿರುತ್ತದೆ. ಅಂದರೆ ಗೇರ್ ಬಾಕ್ಸು ಕೆಡಬಹುದೆಂಬ ಸಾಧ್ಯತೆಗೆ ರೈತ ಗಾಡಿ ಕೊಂಡ ದಿನವೇ ಹಣ ಕೊಟ್ಟಿದ್ದಾನೆ, ಅದಕ್ಕೆ ಬ್ಯಾಂಕಿನ ಬಡ್ಡಿಯನ್ನೂ ಕಟ್ಟುತ್ತಿದ್ದಾನೆ. ಆ ಹಣ ಇರುವುದು ಕಂಪನಿಯ ಬಳಿ. ಗೇರ್ ಬಾಕ್ಸು ಬಿಚ್ಚಬೇಕಾದವನು ಹಾಸನದ ಡೀಲರು.

ಬಿಚ್ಚಿದ ಮೇಲೆ ಏನೇನು ನಡೆಯಬೇಕೆಂಬುದು ಗಿರಾಕಿಗೆ ಕಾಣುವುದಿಲ್ಲ. ಗಾಡಿ ಬಂದಾಗ ಜಾಬ್ ಕಾರ್ಡ್ ಬರೆಯಬೇಕು. ದೋಷ ಎಲ್ಲಿದೆಯೆಂದು ಮೆಕ್ಯಾನಿಕ್ಕು ಹುಡುಕಬೇಕು. ಸಣ್ಣ ಭಾಗವಾದರೆ ಡೀಲರೇ ತೀರ್ಮಾನಿಸಬಹುದು. ಎಂಜಿನ್, ಗೇರ್ ಬಾಕ್ಸ್, ಹೈಡ್ರಾಲಿಕ್ ಪಂಪಿನಂಥ ದೊಡ್ಡ ಬಾಬ್ತಾದರೆ ಫೋಟೊ, ವಿಡಿಯೊ, ಓಡಿದ ಗಂಟೆ ಅಥವಾ ಕಿಲೋಮೀಟರಿನ ಲೆಕ್ಕ, ಹಿಂದಿನ ಸರ್ವಿಸಿನ ದಾಖಲೆ ಎಲ್ಲವನ್ನೂ ಕಂಪನಿಯ ಕಂಪ್ಯೂಟರಿಗೆ ಏರಿಸಿ ಅನುಮತಿಗೆ ಕಾಯಬೇಕು. ಅನುಮತಿ ಬಂದಮೇಲೆ ಭಾಗ ತರಿಸಬೇಕು, ಇಲ್ಲವೇ ತನ್ನ ದಾಸ್ತಾನಿನಿಂದ ಹಾಕಬೇಕು. ತೆಗೆದ ಹಳೆಯ ಭಾಗಕ್ಕೆ ಚೀಟಿ ಕಟ್ಟಿ, ಕಂಪನಿಯವರು ಬಂದು ನೋಡುವವರೆಗೆ ಅಥವಾ ವಾಪಸು ಕೇಳುವವರೆಗೆ ಜೋಪಾನ ಮಾಡಬೇಕು. ಆಮೇಲೆ ಕ್ಲೇಮು ಸಲ್ಲಿಸಬೇಕು. ಕ್ಲೇಮು ಒಪ್ಪಿತವಾದರೆ ಹಣವಾಗಿ ಅಲ್ಲ, ಕ್ರೆಡಿಟ್ ನೋಟಾಗಿ ಡೀಲರನ ಖಾತೆಗೆ ಜಮೆಯಾಗುವುದೇ ಹೆಚ್ಚು. ಒಪ್ಪಿತವಾಗದಿದ್ದರೆ? ಭಾಗ ಗಾಡಿಯೊಳಗೆ ಕೂತಾಗಿದೆ, ಗಾಡಿ ಹೊಳೆನರಸೀಪುರದ ಕಡೆಯ ಯಾವುದೋ ಗದ್ದೆಯಲ್ಲಿ ಓಡುತ್ತಿದೆ. ನಷ್ಟ ಡೀಲರನದು. ಒಪ್ಪಿತವಾದ ಕ್ಲೇಮೂ ನಿಶ್ಚಿಂತೆಯದಲ್ಲ. ಆಡಿಟ್ಟಿಗೆ ಬಂದವರು ಹಳೆಯ ಕಡತ ತೆರೆದು, ಸಹಿ ಇಲ್ಲ, ಫೋಟೊ ಸರಿಯಿಲ್ಲ ಎಂದು ಕೊಟ್ಟದ್ದನ್ನೇ ಹಿಂದಕ್ಕೆ ಪಡೆಯುವ ಪದ್ಧತಿ ಈ ಉದ್ಯಮದಲ್ಲಿದೆ.

ಇದಕ್ಕೆ ಕೂಲಿಯ ಲೆಕ್ಕವೂ ಸೇರುತ್ತದೆ. ಯಾವ ಕೆಲಸಕ್ಕೆ ಎಷ್ಟು ಹೊತ್ತು ಎಂಬುದನ್ನು ಕಂಪನಿಯೇ ನಿಗದಿ ಮಾಡಿರುತ್ತದೆ. ಆ ಹೊತ್ತಿಗೆ ತಕ್ಕ ದರವೂ ಕಂಪನಿಯದೇ. ಕಾರ್ಖಾನೆಯ ಎಂಜಿನಿಯರು ಹೊಸ ಗಾಡಿಯ ಮೇಲೆ, ಎಲ್ಲ ಉಪಕರಣ ಕೈಗೆ ಸಿಗುವಂತಿಟ್ಟುಕೊಂಡು ಲೆಕ್ಕ ಹಾಕಿದ ಹೊತ್ತಿಗೂ, ಕೆಸರುಗದ್ದೆಯಲ್ಲಿ ಕೇಜ್ ವೀಲ್ ಕಟ್ಟಿಕೊಂಡು ದುಡಿದು ತುಕ್ಕು ಹಿಡಿದ ಬೋಲ್ಟುಗಳಿರುವ ಗಾಡಿಗೆ ಬೇಕಾದ ಹೊತ್ತಿಗೂ ತಾಳೆಯಾಗುವುದಿಲ್ಲ. ಅದಕ್ಕಿಂತ ದೊಡ್ಡ ಕೊರತೆ ದೋಷ ಹುಡುಕುವ ಹೊತ್ತಿನದು. ಒಮ್ಮೊಮ್ಮೆ ಮಾತ್ರ ಬರುವ ಸದ್ದು, ಎಂಜಿನ್ ಕಾದಾಗ ಮಾತ್ರ ಕೈಕೊಡುವ ಸೆನ್ಸರು, ಮಳೆಯಲ್ಲಿ ಮಾತ್ರ ಕಾಣುವ ವೈರಿಂಗ್ ದೋಷ ಇವನ್ನು ಹುಡುಕಲು ಅನುಭವಸ್ಥ ಮೆಕ್ಯಾನಿಕ್ಕಿಗೆ ಅರ್ಧ ದಿನ ಹಿಡಿಯುತ್ತದೆ, ಬದಲಿಸಲು ಹತ್ತೇ ನಿಮಿಷ ಸಾಕು. ಕಂಪನಿ ಮುಖ್ಯವಾಗಿ ಲೆಕ್ಕಕ್ಕೆ ಹಿಡಿಯುವುದು ಬದಲಿಸಿದ್ದನ್ನು. ಆ ಅರ್ಧ ದಿನದಲ್ಲಿ ಅದೇ ಮೆಕ್ಯಾನಿಕ್ಕು ಹಣ ಕೊಡುವ ಎರಡು ಮೂರು ಗಾಡಿಗಳ ಸರ್ವಿಸು ಮುಗಿಸುತ್ತಿದ್ದ. ಹಾಗಾಗಿ ಅವನಿಗೂ ವಾರಂಟಿ ಗಾಡಿ ಬೇಡ, ಅವನ ಮೇಲಿನ ಸೂಪರ್‌ವೈಸರಿಗೂ ಬೇಡ. ‘ನಮಗೆ ಸದ್ದೇ ಕೇಳಿಸಲಿಲ್ಲ, ಗಾಡಿ ಸರಿಯಿದೆ’ ಎಂದು ಬರೆದು ಕಳಿಸುವುದು ಎಲ್ಲರಿಗೂ ಸುಲಭವಾದ ದಾರಿ.

ಇದು ನಮ್ಮ ಊರಿನ ಕೊರತೆ ಮಾತ್ರವಲ್ಲ ಎಂಬುದಕ್ಕೆ ಅಮೆರಿಕದ ಇಲಿನಾಯ್ ರಾಜ್ಯದ ಉದಾಹರಣೆ ಸಾಕು. ಅಲ್ಲಿ ಕಂಪನಿಗಳು ವಾರಂಟಿ ಕೆಲಸಕ್ಕೆ ಕೊಡುವ ಹೊತ್ತು ತೀರಾ ಕಡಿಮೆಯೆಂದು ಡೀಲರುಗಳು ಹೋರಾಡಿ ಕಾನೂನನ್ನೇ ತಿದ್ದಿಸಿದರು. 2022ರ ಜನವರಿ 1ರಿಂದ ಅಲ್ಲಿ ಹಣ ಕೊಡುವ ಗಿರಾಕಿಯ ಕೆಲಸಕ್ಕೆ ಡೀಲರು ಬಳಸುವ ಸ್ವತಂತ್ರ ಕೈಪಿಡಿಯ ಹೊತ್ತನ್ನೇ ಕಂಪನಿಯು ಕೊಡಬೇಕು, ಇಲ್ಲವೇ ತಾನು ನಿಗದಿ ಮಾಡಿದ ಹೊತ್ತಿನ ಒಂದೂವರೆ ಪಟ್ಟು ಕೊಡಬೇಕು. ಡೀಲರುಗಳ ಸಂಘಟನೆ ಬಲವಾಗಿರುವ, ದಶಕಗಳಿಂದ ಅವರ ರಕ್ಷಣೆಗೆ ಕಾಯ್ದೆಗಳಿರುವ ದೇಶದಲ್ಲೇ ಅಂತರ ಇಷ್ಟಿದ್ದರೆ, ಅಂಥ ಯಾವ ಕಾಯ್ದೆಯೂ ಇಲ್ಲದ ನಮ್ಮಲ್ಲಿ ಜಿಲ್ಲಾ ಕೇಂದ್ರದ ಡೀಲರು ಕಂಪನಿಯೊಡನೆ ದರ ಕೇಳುವ ಸ್ಥಿತಿಯಲ್ಲಿರುವುದು ಕಷ್ಟ. ನಮ್ಮ ಡೀಲರುಗಳ ಒಕ್ಕೂಟ ಅಂಥ ಕಾಯ್ದೆ ಬೇಕೆಂದು ಕೇಳುತ್ತಲೇ ಇದೆ. 2021ರ ಸೆಪ್ಟೆಂಬರಿನಲ್ಲಿ ಫೋರ್ಡ್ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಘೋಷಿಸಿದಾಗ ಆ ಕೂಗು ಜೋರಾಗಿತ್ತು.

ಡೀಲರು ಕಂಪನಿಯ ಕೈಕೆಳಗಿನ ನೌಕರನಲ್ಲ, ಬೇರೆಯೇ ವ್ಯಾಪಾರಿ ಎಂಬುದನ್ನು ನಮ್ಮ ಸುಪ್ರೀಂ ಕೋರ್ಟು ಎರಡು ಬೇರೆ ಬೇರೆ ಸಂದರ್ಭಗಳಲ್ಲಿ ಹೇಳಿದೆ. ಎರಡನ್ನೂ ಜೊತೆಗಿಟ್ಟು ಓದಿದರೆ ಗಿರಾಕಿ ಎಲ್ಲಿ ಸಿಕ್ಕಿಬಿದ್ದಿದ್ದಾನೆಂದು ತಿಳಿಯುತ್ತದೆ. 2023ರ ಮೇ ತಿಂಗಳಲ್ಲಿ ಟಾಟಾ ಮೋಟಾರ್ಸ್ ತೆರಿಗೆ ಪ್ರಕರಣದಲ್ಲಿ, ಡೀಲರು ತನ್ನ ದಾಸ್ತಾನಿನಿಂದ ಅಥವಾ ಹೊರಗೆ ಕೊಂಡು ಭಾಗ ಹಾಕಿ ಅದಕ್ಕೆ ಕಂಪನಿಯಿಂದ ಕ್ರೆಡಿಟ್ ನೋಟು ಪಡೆದರೆ ಆ ನೋಟು ಭಾಗದ ಬೆಲೆಯೇ ಸರಿ, ಅದಕ್ಕೆ ಮಾರಾಟ ತೆರಿಗೆ ಸಲ್ಲುತ್ತದೆ ಎಂದು ನ್ಯಾಯಾಲಯ ಹೇಳಿತು. 2004ರ ತೀರ್ಪೊಂದನ್ನು ಎತ್ತಿಹಿಡಿದ ಮಾತು ಅದು. ಅದಕ್ಕೂ ಮೊದಲು, 2021ರ ಫೆಬ್ರುವರಿಯಲ್ಲಿ, ಗೋವಾದ ಡೀಲರೊಬ್ಬರು ಹಳೆಯ ಮಾದರಿಯ ಕಾರನ್ನು ಹೊಸದೆಂದು ಕೊಟ್ಟ ಪ್ರಕರಣದಲ್ಲಿ, ಕಂಪನಿ ಮತ್ತು ಡೀಲರು ಸಮಾನ ವ್ಯಾಪಾರಿಗಳಾಗಿ ಒಪ್ಪಂದ ಮಾಡಿಕೊಂಡಿದ್ದಾರೆ, ಡೀಲರನ ಕೃತ್ಯ ಕಂಪನಿಗೆ ಗೊತ್ತಿತ್ತೆಂದು ತೋರಿಸದ ಹೊರತು ಕಂಪನಿಯನ್ನು ಹೊಣೆ ಮಾಡಲಾಗದು ಎಂದಿತು. ಕಾನೂನಿನ ದೃಷ್ಟಿಯಲ್ಲಿ ಎರಡೂ ಸರಿಯಿರಬಹುದು. ಆದರೆ ಚನ್ನರಾಯಪಟ್ಟಣದ ಗಿರಾಕಿಗೆ ಕಾಣುವುದು ಒಂದೇ ಬಾಗಿಲು, ಒಂದೇ ಹೆಸರಿನ ಫಲಕ. ಭರವಸೆ ಕೇಳಲು ಹೋದರೆ ಫಲಕದ ಕಂಪನಿ ದೂರದಲ್ಲಿದೆ, ಬಾಗಿಲಿನ ಡೀಲರು ‘ತೀರ್ಮಾನ ನಮ್ಮ ಕೈಲಿಲ್ಲ’ ಎನ್ನುತ್ತಾನೆ. ಅವನು ಹೇಳುವುದು ಸುಳ್ಳಲ್ಲ. ಅದೇ ಇಲ್ಲಿನ ಸಂಕಟ.

ದೊಡ್ಡ ನಗರದಲ್ಲಿ ಒಬ್ಬ ಡೀಲರು ಒಲ್ಲೆ ಎಂದರೆ ಅದೇ ಬ್ರಾಂಡಿನ ಇನ್ನೊಬ್ಬನ ಬಳಿಗೆ ಹೋಗಬಹುದು. ನಮ್ಮ ಜಿಲ್ಲೆಯಲ್ಲಿ ಅನೇಕ ಬ್ರಾಂಡುಗಳಿಗೆ ಹಾಸನದ ಒಬ್ಬನೇ ಗತಿ. ತಾಲ್ಲೂಕು ಕೇಂದ್ರದಲ್ಲಿ ಅವನದೇ ಸಣ್ಣ ಶಾಖೆ ಇದ್ದರೆ ಇತ್ತು. ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣಗಳಿಂದ ಮೂವತ್ತು ನಲವತ್ತು ಕಿಲೋಮೀಟರು ಟ್ರ್ಯಾಕ್ಟರನ್ನು ಲಾರಿಗೆ ಹೇರಿಕೊಂಡು ತರಬೇಕು, ಆ ಬಾಡಿಗೆ ವಾರಂಟಿಯಲ್ಲಿ ಬರುವುದು ಅಪರೂಪ. ಆಲೂಗಡ್ಡೆ ಬಿತ್ತನೆಯ ಮೇ–ಜೂನಿನಲ್ಲೋ, ಹೇಮಾವತಿ ನಾಲೆಗೆ ನೀರು ಬಿಟ್ಟು ಗದ್ದೆ ಕೆಸರು ಮಾಡುವ ದಿನಗಳಲ್ಲೋ ಗಾಡಿ ಹತ್ತು ದಿನ ನಿಂತರೆ ಹದವೇ ತಪ್ಪುತ್ತದೆ. ಬಾಡಿಗೆ ಟ್ರ್ಯಾಕ್ಟರಿಗೆ ಹಣ ತೆತ್ತುಕೊಂಡೇ ತನ್ನ ಟ್ರ್ಯಾಕ್ಟರಿನ ಕಂತನ್ನೂ ಕಟ್ಟಬೇಕು. ಆಗ ರೈತ ಮಾಡುವುದು ಒಂದೇ: ಊರಿನ ಗ್ಯಾರೇಜಿನಲ್ಲಿ ಕೈಯಿಂದ ಹಣ ಹಾಕಿ ಸರಿಮಾಡಿಸಿಕೊಂಡು ಉಳುಮೆಗೆ ಇಳಿಯುತ್ತಾನೆ. ಮುಂದಿನ ಬಾರಿ ಬೇರೇನೋ ಕೆಟ್ಟಾಗ ‘ಹೊರಗೆ ಬಿಚ್ಚಿಸಿದ್ದೀರಿ, ವಾರಂಟಿ ಹೋಯಿತು’ ಎಂಬ ಉತ್ತರ ಸಿಗುತ್ತದೆ. ವಿಳಂಬ ಮಾಡಿದ್ದಕ್ಕೆ ಡೀಲರಿಗಾಗಲಿ ಕಂಪನಿಗಾಗಲಿ ಏನೂ ಖರ್ಚಾಗುವುದಿಲ್ಲ, ವಿಳಂಬವೇ ಅವರ ಖರ್ಚನ್ನು ಉಳಿಸುತ್ತದೆ. ನನ್ನ ಮಟ್ಟಿಗೆ ಇಡೀ ಏರ್ಪಾಡಿನಲ್ಲಿ ಇದಕ್ಕಿಂತ ಅನ್ಯಾಯದ ಅಂಶ ಇನ್ನೊಂದಿಲ್ಲ.

ಹೊರಗೆ ಬಿಚ್ಚಿಸಿದರೆ ವಾರಂಟಿ ರದ್ದು ಎಂಬ ಸಾರಾಸಗಟು ಷರತ್ತು ಎಲ್ಲ ಕಾಲಕ್ಕೂ ಒಪ್ಪತಕ್ಕದ್ದೂ ಅಲ್ಲ. ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟಿನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಮಿಕ್ಕಿ ದಂಡ ಹಾಕಿತು. ಬಿಡಿಭಾಗ ಮತ್ತು ದುರಸ್ತಿ ಮಾಹಿತಿಯನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಕಟ್ಟಿಹಾಕಿದ್ದಾರೆ ಎಂಬುದು ಆರೋಪ. ದಂಡದ ವಿಚಾರ ಮೇಲ್ಮನವಿಗೆ ಹೋಯಿತು. ಆದರೆ ಆ ಆದೇಶದಲ್ಲಿದ್ದ ಒಂದು ನಿರ್ದೇಶನ ಹಳ್ಳಿಯ ಗಿರಾಕಿಗೆ ತುಂಬ ಮುಖ್ಯವಾದದ್ದು: ಸ್ವತಂತ್ರ ಗ್ಯಾರೇಜಿಗೆ ಹೋದ ಒಂದೇ ಕಾರಣಕ್ಕೆ ವಾರಂಟಿ ರದ್ದಾಗುತ್ತದೆ ಎಂಬ ಷರತ್ತನ್ನು ಕಂಪನಿಗಳು ಹಾಕಬಾರದು. ಅದು ಕಾರುಗಳ ಪ್ರಕರಣ, ಟ್ರ್ಯಾಕ್ಟರಿನದಲ್ಲ. ಆದರೆ ಕೇಂದ್ರ ಸರ್ಕಾರ 2022ರ ಡಿಸೆಂಬರ್ 24ರಂದು ಆರಂಭಿಸಿದ ದುರಸ್ತಿ ಹಕ್ಕಿನ ಜಾಲತಾಣದಲ್ಲಿ ವಾಹನಗಳ ಜೊತೆ ಕೃಷಿ ಉಪಕರಣಗಳನ್ನೂ ಸೇರಿಸಿದ್ದಾರೆ. ಹೆಡ್‌ಲೈಟು ಬದಲಿಸಿದ್ದಕ್ಕೂ ಕ್ಲಚ್ಚು ಸುಟ್ಟದ್ದಕ್ಕೂ ಸಂಬಂಧವೇನೆಂದು ತೋರಿಸುವ ಹೊಣೆ ವಾರಂಟಿ ನಿರಾಕರಿಸುವವರದಾಗಬೇಕು ಎಂಬುದು ಸಾಮಾನ್ಯ ನ್ಯಾಯ.

ಕಂಪನಿಗಳ ಮಾತನ್ನೂ ಕೇಳಬೇಕು. ಗಿರಾಕಿಗಳೆಲ್ಲ ನಿಯಮದಂತೆ ಓಡಿಸುತ್ತಾರೆಯೇ ಎಂದು ಅವರು ಕೇಳುತ್ತಾರೆ. ಟ್ರೈಲರಿಗೆ ಮಿತಿಮೀರಿ ಕಲ್ಲು ತುಂಬುವುದು, ಆಯಿಲ್ ಬದಲಿಸದೆ ಎರಡು ಹಂಗಾಮು ದೂಡುವುದು, ಅಗ್ಗದ ಆಯಿಲ್ ಹಾಕುವುದು, ಅರ್ಧ ಕ್ಲಚ್ಚಿನಲ್ಲೇ ರೊಟಾವೇಟರ್ ಓಡಿಸುವುದು ನಮ್ಮಲ್ಲಿ ಇದೆ. ಹಾಗೆಯೇ ಇಲ್ಲದ ದೋಷ ಬರೆದು, ಹಾಕದ ಭಾಗಕ್ಕೆ ಕ್ಲೇಮು ಮಾಡುವ ಡೀಲರುಗಳೂ ಇರುತ್ತಾರೆ. ಪರಿಶೀಲನೆಯೇ ಬೇಡವೆಂದರೆ ಆ ನಷ್ಟ ಕೊನೆಗೆ ಎಲ್ಲ ಗಿರಾಕಿಗಳ ಬೆಲೆಗೇ ಸೇರುತ್ತದೆ. ಈ ವಾದದಲ್ಲಿ ಹುರುಳಿದೆ. ಆದರೆ ಅದು ಪರಿಶೀಲನೆ ಬೇಕೆಂಬುದಕ್ಕೆ ಸಮರ್ಥನೆಯಾಗುತ್ತದೆ, ಕಂಪನಿಯೊಂದೇ ಗುಟ್ಟಾಗಿ ಪರಿಶೀಲಿಸಿ ಬಾಯಿಮಾತಿನಲ್ಲಿ ತೀರ್ಪು ಹೇಳುವುದಕ್ಕೆ ಸಮರ್ಥನೆಯಾಗುವುದಿಲ್ಲ. ಊರಿನ ಡೇರಿಯಲ್ಲಿ ಹಾಲು ಹಾಕುವವನ ಕಣ್ಣೆದುರೇ ಫ್ಯಾಟ್ ಅಳೆದು ಚೀಟಿ ಕೊಡುತ್ತಾರೆ. ಕಡಿಮೆ ಬಂದರೆ ಜಗಳವಾಡಲಿಕ್ಕಾದರೂ ಅವನ ಕೈಲೊಂದು ಅಂಕಿ ಇರುತ್ತದೆ. ಆರೇಳು ಲಕ್ಷದ ಟ್ರ್ಯಾಕ್ಟರಿನ ವಾರಂಟಿ ನಿರಾಕರಿಸುವಾಗ ಅಷ್ಟೂ ಸಿಗುವುದಿಲ್ಲ. ಯಾವ ಭಾಗ, ಯಾವ ಪರೀಕ್ಷೆ, ಯಾವ ಷರತ್ತಿನ ಉಲ್ಲಂಘನೆ ಎಂಬ ಮೂರು ಸಾಲಿನ ಬರಹವೂ ಬಹುತೇಕ ಸಂದರ್ಭದಲ್ಲಿ ಕೈಗೆ ಬರುವುದಿಲ್ಲ.

ಇನ್ನೊಂದು ಆಕ್ಷೇಪ ಡೀಲರನ ಪರವಾಗಿ ನಾನು ಹೆಚ್ಚು ವಾಲುತ್ತಿದ್ದೇನೆ ಎಂಬುದು. ವಾರಂಟಿ ಗಿರಾಕಿಯನ್ನು ಚೆನ್ನಾಗಿ ನೋಡಿಕೊಂಡರೆ ಅವನೇ ಮುಂದೆ ಹಣ ಕೊಟ್ಟು ಸರ್ವಿಸು ಮಾಡಿಸುತ್ತಾನೆ, ಮುಂದಿನ ಗಾಡಿಯನ್ನೂ ಅಲ್ಲೇ ಕೊಳ್ಳುತ್ತಾನೆ. ಹಾಗಿರುವಾಗ ಡೀಲರಿಗೆ ಹಿಂಜರಿಯಲು ಕಾರಣವೇನು ಎಂದು ಕೇಳಬಹುದು. ದೂರದೃಷ್ಟಿಯ ಡೀಲರು ಹಾಗೆಯೇ ನಡೆದುಕೊಳ್ಳುತ್ತಾನೆ, ಅಂಥವರು ನಮ್ಮ ಜಿಲ್ಲೆಯಲ್ಲೂ ಇದ್ದಾರೆ. ಆದರೆ ಆ ಲಾಭ ಐದಾರು ವರ್ಷದ ಮೇಲಿನದು, ಮಾಲೀಕನದು. ಜಾಬ್ ಕಾರ್ಡ್ ಬರೆಯುವ ಸಂಬಳದ ಹುಡುಗನಿಗೆ ಈ ತಿಂಗಳ ಗುರಿ ಮುಟ್ಟಬೇಕಿದೆ. ಕ್ಲೇಮು ತಿರಸ್ಕೃತವಾದರೆ ಬೈಗುಳ ತಿನ್ನುವವನೂ ಅವನೇ. ಅವಧಿ ದೀರ್ಘವಾದಷ್ಟೂ ಈ ಒತ್ತಡ ಹೆಚ್ಚುತ್ತದೆ. ಮಾರುತಿ ಸುಜುಕಿ 2024ರ ಜುಲೈನಲ್ಲಿ ತನ್ನ ವಾರಂಟಿಯನ್ನು 2 ವರ್ಷ ಅಥವಾ 40,000 ಕಿಲೋಮೀಟರಿನಿಂದ 3 ವರ್ಷ ಅಥವಾ 1 ಲಕ್ಷ ಕಿಲೋಮೀಟರಿಗೆ ಏರಿಸಿತು. ಟ್ರ್ಯಾಕ್ಟರ್ ಕಂಪನಿಗಳೂ ದೀರ್ಘ ವಾರಂಟಿಯನ್ನು ಜಾಹೀರಾತಿನಲ್ಲಿ ದೊಡ್ಡಕ್ಷರದಲ್ಲಿ ಹಾಕುತ್ತಿವೆ. ಗಿರಾಕಿಗೆ ಇದು ಒಳ್ಳೆಯ ಸುದ್ದಿಯೇ. ಆದರೆ ಜಾಹೀರಾತಿನಲ್ಲಿ ವರ್ಷಗಳನ್ನು ಸೇರಿಸುವಾಗ ವರ್ಕ್‌ಶಾಪಿನ ಕೂಲಿ ದರವನ್ನೂ ಸೇರಿಸದಿದ್ದರೆ ಹೊರೆ ಬೀಳುವುದು ಬಿಚ್ಚುವವನ ಮೇಲೆ.

ಹಾಗಾದರೆ ಡೀಲರನ್ನೇ ತೆಗೆದುಹಾಕಿ ಕಂಪನಿಯೇ ನೇರವಾಗಿ ಸರ್ವಿಸು ಕೊಟ್ಟರೆ? ಈ ಪ್ರಯೋಗ ನಮ್ಮ ಕಣ್ಣೆದುರೇ ನಡೆದಿದೆ. ಬೆಂಗಳೂರಿನ ಓಲಾ ಎಲೆಕ್ಟ್ರಿಕ್ ಡೀಲರುಗಳಿಲ್ಲದೆ ತನ್ನದೇ ಮಳಿಗೆಗಳ ಮೂಲಕ ಸ್ಕೂಟರು ಮಾರಿತು, ತಾನೇ ರಿಪೇರಿ ಮಾಡುತ್ತೇನೆಂದಿತು. 2023ರ ಸೆಪ್ಟೆಂಬರ್ 1ರಿಂದ 2024ರ ಆಗಸ್ಟ್ 30ರವರೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಆ ಕಂಪನಿಯ ಬಗ್ಗೆ 10,644 ದೂರುಗಳು ಬಂದವು. 2024ರ ಅಕ್ಟೋಬರಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ನೋಟಿಸು ಕೊಟ್ಟಿತು, ಶೇ 99.1ರಷ್ಟು ದೂರುಗಳನ್ನು ಪರಿಹರಿಸಿದ್ದೇವೆಂದು ಕಂಪನಿ ಉತ್ತರಿಸಿತು. ಅದಕ್ಕೆ ತಿಂಗಳ ಮೊದಲು ಕಲಬುರಗಿಯಲ್ಲಿ, ಕೆಟ್ಟ ಸ್ಕೂಟರು ಸರಿಯಾಗಲಿಲ್ಲವೆಂಬ ಸಿಟ್ಟಿನಲ್ಲಿ ಗಿರಾಕಿಯೊಬ್ಬ ಮಳಿಗೆಗೇ ಬೆಂಕಿ ಹಚ್ಚಿದ್ದ. ಆ ಕೃತ್ಯ ಯಾವ ರೀತಿಯಲ್ಲೂ ಸಮರ್ಥನೀಯವಲ್ಲ. ಆದರೆ ಮಧ್ಯದವನನ್ನು ತೆಗೆದ ಮಾತ್ರಕ್ಕೆ ವಾರಂಟಿ ಸಲೀಸಾಗುವುದಿಲ್ಲ ಎಂಬುದು ಇಲ್ಲಿ ಗೊತ್ತಾಗುತ್ತದೆ. ಮಾರಾಟ ಹಣ ತರುತ್ತದೆ, ವಾರಂಟಿ ಹಣ ಖರ್ಚು ಮಾಡಿಸುತ್ತದೆ. ಮಾಲೀಕ ಒಬ್ಬನೇ ಆದರೂ ಎರಡನೆಯದಕ್ಕೆ ಜನ, ಜಾಗ, ಬಿಡಿಭಾಗ ಇಡದಿದ್ದರೆ ಫಲ ಒಂದೇ. ಹೊಣೆ ಒಂದೇ ಕಡೆ ಇರುವುದರಿಂದ ದೂರು ಯಾರ ಮೇಲೆ ಎಂಬ ಗೊಂದಲ ಮಾತ್ರ ಅಲ್ಲಿಲ್ಲ. ಅದೂ ಸಣ್ಣ ಅನುಕೂಲವಲ್ಲ.

ಆದ್ದರಿಂದ ಸರಿಪಡಿಸಬೇಕಾದ್ದು ಎರಡು ಕಡೆ. ಡೀಲರಿಗೆ ಹಣ ಕೊಡುವ ಗಿರಾಕಿಯಿಂದ ಸಿಗುವ ಕೂಲಿಯೇ ವಾರಂಟಿ ಕೆಲಸಕ್ಕೂ, ದೋಷ ಹುಡುಕಿದ ಹೊತ್ತಿಗೂ ಸಿಗುವಂತೆ ಕಾನೂನು ಬರಬೇಕು. ಇದರಿಂದ ಗಾಡಿಯ ಬೆಲೆ ಏರುತ್ತದೆಂದು ಹೇಳುವವರಿದ್ದಾರೆ. ಸ್ವಲ್ಪ ಏರಬಹುದು, ಈಗ ಅದೇ ಖರ್ಚನ್ನು ಬಾಡಿಗೆ ಟ್ರ್ಯಾಕ್ಟರು, ಲಾರಿ ಬಾಡಿಗೆ, ಊರ ಗ್ಯಾರೇಜಿನ ಬಿಲ್ಲುಗಳ ರೂಪದಲ್ಲಿ ಕೆಟ್ಟ ಗಾಡಿ ಸಿಕ್ಕ ನತದೃಷ್ಟನೊಬ್ಬನೇ ಹೊರುತ್ತಿದ್ದಾನೆ. ಎರಡನೆಯದು, ನಿರಾಕರಣೆಗೆ ಲಿಖಿತ ಕಾರಣ ಕೊಡುವುದು ಕಡ್ಡಾಯವಾಗಬೇಕು, ವಿಳಂಬಕ್ಕೆ ಬೆಲೆ ಇರಬೇಕು. ಕಾನೂನು ಬರುವವರೆಗೆ ಗಿರಾಕಿ ಕೈಕಟ್ಟಿ ಕೂರಬೇಕಿಲ್ಲ. ಗಾಡಿ ಒಪ್ಪಿಸಿದಾಗ ತಾನು ಹೇಳಿದ ದೋಷವನ್ನು ತನ್ನ ಮಾತಿನಲ್ಲೇ ಜಾಬ್ ಕಾರ್ಡಿನಲ್ಲಿ ಬರೆಸಿ ಪ್ರತಿ ಪಡೆಯಬೇಕು, ‘ಜನರಲ್ ಚೆಕಪ್’ ಎಂದು ಬರೆದರೆ ಒಪ್ಪಬಾರದು. ಅದೇ ದೋಷಕ್ಕೆ ಮೂರು ಬಾರಿ ಬಂದ ದಾಖಲೆ ಇದ್ದರೆ ಅದೇ ದೊಡ್ಡ ಸಾಕ್ಷಿ. ದೂರನ್ನು ಡೀಲರಿಗೆ ಬರೆದಂತೆಯೇ ಕಂಪನಿಗೂ ಬರೆಯಬೇಕು. ಹಾಗೆ ಬರೆದರೆ ‘ನಮಗೆ ಗೊತ್ತೇ ಇರಲಿಲ್ಲ’ ಎನ್ನಲು ಕಂಪನಿಗೆ ದಾರಿ ಉಳಿಯುವುದಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೂ ದೂರು ಕೊಡಬಹುದು, ಅದರ ಸಂಖ್ಯೆ 1915.

ಅದೂ ಸಾಲದಿದ್ದರೆ ಹಾಸನದ ಜಿಲ್ಲಾ ಗ್ರಾಹಕ ವ್ಯಾಜ್ಯ ಪರಿಹಾರ ಆಯೋಗವಿದೆ. ಗ್ರಾಹಕ ಸಂರಕ್ಷಣಾ ಕಾಯ್ದೆ 2019, ಜಾರಿಗೆ ಬಂದದ್ದು 2020ರ ಜುಲೈ 20ರಂದು. ಅದರಂತೆ ಗಿರಾಕಿ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಗಾಡಿಯನ್ನು ಬೆಂಗಳೂರಿನಲ್ಲಿ ಕೊಂಡಿದ್ದರೂ ಸರಿ. ಕೊಟ್ಟ ಬೆಲೆ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ, 10 ಲಕ್ಷದವರೆಗೆ 200 ರೂಪಾಯಿ. ಸ್ವಂತ ದುಡಿಮೆಯ ಜೀವನೋಪಾಯಕ್ಕೆ ಟ್ರ್ಯಾಕ್ಟರು, ಆಟೊ ಕೊಂಡವನೂ ಗ್ರಾಹಕನೇ. ಕಾರಣ ಹುಟ್ಟಿದ 2 ವರ್ಷದೊಳಗೆ ಹೋಗಬೇಕು. ಆದರೆ ಅಲ್ಲಿ ಏನು ಸಿಗುತ್ತದೆಂದು ತಿಳಿದು ಹೋಗುವುದು ಒಳ್ಳೆಯದು. 2006ರಲ್ಲಿ ಮಾರುತಿ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು, ವಾರಂಟಿ ಎಂದರೆ ಕೆಟ್ಟ ಭಾಗದ ಬದಲಾವಣೆ, ಇಡೀ ಕಾರಿನ ಬದಲಾವಣೆಯಲ್ಲ ಎಂದಿದೆ. ಆದರೆ 2010ರಲ್ಲಿ ಫಿಯಟ್ ಇಂಡಿಯಾ ವಿರುದ್ಧದ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಸ್ವತಂತ್ರ ತಾಂತ್ರಿಕ ತಜ್ಞರಿಂದ ಕಾರನ್ನು ಪರೀಕ್ಷಿಸಬೇಕು, ತಯಾರಿಕೆಯ ದೋಷವೆಂದು ಅವರು ಹೇಳಿದರೆ ಬೆಲೆಯನ್ನು ಬಡ್ಡಿಸಮೇತ ಹಿಂದಿರುಗಿಸಬೇಕು ಎಂದಿತು. ಎರಡನ್ನೂ ಸೇರಿಸಿ ನೋಡಿದರೆ ಇಡೀ ವ್ಯಾಜ್ಯ ನಿಂತಿರುವುದು ಕಂಪನಿಯ ಸಂಬಳ ತಿನ್ನದ ಒಬ್ಬ ತಜ್ಞನ ಮಾತಿನ ಮೇಲೆ. ಪರೀಕ್ಷೆ ಬೇಕಾದ ದೂರನ್ನು 5 ತಿಂಗಳಲ್ಲಿ ಮುಗಿಸಬೇಕೆಂದು ಕಾಯ್ದೆ ಹೇಳುತ್ತದೆ. ಆದರೆ ಅದಕ್ಕಿಂತ ವಿಳಂಬವಾಗುವುದುಂಟು, ಅಂಥ ತಜ್ಞರು ಬೇಗ ಸಿಗದಿರುವುದೂ ಅದಕ್ಕೊಂದು ಕಾರಣ. ಹಾಸನ ನಗರದಲ್ಲಿ, ಸಾಲಗಾಮೆ ರಸ್ತೆಯಲ್ಲೇ, 1960ರಲ್ಲಿ ಶುರುವಾದ ಮಲೆನಾಡು ಎಂಜಿನಿಯರಿಂಗ್ ಕಾಲೇಜಿದೆ. ಅಲ್ಲಿನ ಹಾಗೂ ಜಿಲ್ಲೆಯ ಪಾಲಿಟೆಕ್ನಿಕ್ಕುಗಳ ಅಧ್ಯಾಪಕರ ಪಟ್ಟಿಯೊಂದನ್ನು ಆಯೋಗ ಮತ್ತು ಜಿಲ್ಲಾಡಳಿತ ಸೇರಿ ಸಿದ್ಧಪಡಿಸಿ, ಸಣ್ಣ ಶುಲ್ಕಕ್ಕೆ ವಾರದೊಳಗೆ ಗಾಡಿ ನೋಡಿ ವರದಿ ಕೊಡುವ ವ್ಯವಸ್ಥೆ ಮಾಡಿದರೆ, ಎಷ್ಟೋ ದೂರುಗಳು ಆಯೋಗದ ಮೆಟ್ಟಿಲು ಹತ್ತುವ ಮೊದಲೇ ವರ್ಕ್‌ಶಾಪಿನಲ್ಲಿ ಮುಗಿಯುತ್ತವೆ. ಡೀಲರಿಗೂ ಆ ವರದಿ ಬೇಕು. ಕಂಪನಿ ಕ್ಲೇಮು ತಿರಸ್ಕರಿಸಿದಾಗ ಅದನ್ನು ಮುಂದಿಟ್ಟು ತನ್ನ ಹಣ ಕೇಳಲು ಇಂದು ಅವನ ಬಳಿಯೂ ಬೇರೆ ಕಾಗದವಿಲ್ಲ.